ಕಟ್ಟೆಚ್ಚರಕ್ಕೆ ಎಷ್ಟು ನಿಮಿಷ ಆಯುಸ್ಸು?

2025ರ ಜನವರಿ 16ರಂದು ಬೀದರಿನಲ್ಲಿ ಹಾಡಹಗಲೇ ಬೈಕಿನಲ್ಲಿ ಬಂದ ಇಬ್ಬರು, ಎಟಿಎಂಗೆ ಹಣ ತುಂಬಲು ಹೊರಟಿದ್ದ ಸಿಬ್ಬಂದಿಯ ಮೇಲೆ ಗುಂಡು ಹಾರಿಸಿ ಹಣದ ಪೆಟ್ಟಿಗೆ ಹೊತ್ತು ಪರಾರಿಯಾದರು. ಒಬ್ಬರು ಪ್ರಾಣ ಬಿಟ್ಟರು, ಇನ್ನೊಬ್ಬರು ತೀವ್ರವಾಗಿ ಗಾಯಗೊಂಡರು. ಅದೇ ದಿನ ಹೈದರಾಬಾದಿನ ಅಫ್ಜಲ್‌ಗಂಜ್‌ನಲ್ಲಿ ಮತ್ತೆ ಗುಂಡು ಹಾರಿತು. ಮರುದಿನ ಮಂಗಳೂರು ಬಳಿಯ ಕೋಟೆಕಾರಿನ ಸಹಕಾರಿ ಬ್ಯಾಂಕಿನಲ್ಲಿ ಆಯುಧ ತೋರಿಸಿ ದರೋಡೆ ನಡೆಯಿತು. ಪುಣೆ–ಹೈದರಾಬಾದ್ ಹೆದ್ದಾರಿಗೆ ಬೀದರ್–ಕಲಬುರಗಿ ರಸ್ತೆ ಸೇರುವ ಹುಮನಾಬಾದಿಗೂ, ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡಂತಿರುವ ಬಸವಕಲ್ಯಾಣಕ್ಕೂ ಇಂಥ ಸುದ್ದಿ ದೂರದ್ದಲ್ಲ. ಕೃತ್ಯ ನಡೆಸಿದವನು ಗಂಟೆಯೊಳಗೆ ಮತ್ತೊಂದು ರಾಜ್ಯ ಸೇರಬಲ್ಲ ಸೀಮೆ ಇದು. ಬ್ಯಾಂಕಿನ ಬಾಗಿಲಲ್ಲಿ, ಹಣದ ವ್ಯಾನಿನ ಪಕ್ಕದಲ್ಲಿ ಬಂದೂಕು ಹಿಡಿದು ನಿಲ್ಲುವ ಗನ್‌ಮ್ಯಾನ್‌ಗೆ ಆಗ ಮೇಲಿನಿಂದ ಬರುವ ಆದೇಶ ‘ಕಟ್ಟೆಚ್ಚರದಿಂದಿರು’ ಎಂಬುದು. ಆದರೆ ಅದು ಅವನವರೆಗೆ ಇಳಿಯುವಷ್ಟರಲ್ಲಿ ಬಹುಮಟ್ಟಿಗೆ ರಜೆ ರದ್ದು, ಪಾಳಿ ಉದ್ದ ಎಂದಾಗಿರುತ್ತದೆ. ಮನುಷ್ಯನ ಮಿದುಳು ಕೆಲಸ ಮಾಡುವ ರೀತಿ ನೋಡಿದರೆ, ಎಚ್ಚರವನ್ನು ಕಳೆಯಲು ಇದಕ್ಕಿಂತ ಒಳ್ಳೆಯ ಉಪಾಯ ಸಿಗುವುದು ಕಷ್ಟ.

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆಗೆ ಇದೇ ತಲೆನೋವು ಎದುರಾಗಿತ್ತು. ಸಮುದ್ರದ ಮೇಲೆ ಜಲಾಂತರ್ಗಾಮಿಗಳನ್ನು ಹುಡುಕುವ ರಾಡಾರ್ ಸಿಬ್ಬಂದಿ ಹೊತ್ತು ಕಳೆದಂತೆ ಪರದೆಯ ಮೇಲಿನ ಚುಕ್ಕೆಯನ್ನೇ ಕಾಣದೆ ಹೋಗುತ್ತಿದ್ದರು. ನಾರ್ಮನ್ ಮ್ಯಾಕ್‌ವರ್ತ್ ಎಂಬ ಮನೋವಿಜ್ಞಾನಿ ಒಂದು ಗಡಿಯಾರ ಮಾಡಿಸಿದ. ಅದರ ಮುಳ್ಳು ಒಂದೊಂದೇ ಹೆಜ್ಜೆ ಇಡುತ್ತಾ ಅಪರೂಪಕ್ಕೊಮ್ಮೆ ಎರಡು ಹೆಜ್ಜೆ ಜಿಗಿಯುತ್ತಿತ್ತು. ಆ ಜಿಗಿತ ಕಂಡಾಗ ಗುಂಡಿ ಒತ್ತಬೇಕು, ಎರಡು ಗಂಟೆ ಕೂರಬೇಕು. 1948ರಲ್ಲಿ ಪ್ರಕಟವಾದ ಫಲಿತಾಂಶ ಹೇಳಿದ್ದೇನೆಂದರೆ, ಪತ್ತೆಹಚ್ಚುವ ಶಕ್ತಿ ಮೊದಲ ಅರ್ಧ ಗಂಟೆಯಲ್ಲೇ ಕುಸಿಯುತ್ತದೆ. ಕೂತಿದ್ದವರು ಸೋಮಾರಿಗಳಲ್ಲ, ತರಬೇತಾದವರು. ಅರ್ಧ ಗಂಟೆ ಕೆಲಸ, ಅರ್ಧ ಗಂಟೆ ಬಿಡುವು ಎಂದು ಬದಲಿಸಿದಾಗ ಕುಸಿತ ನಿಂತಿತು. ಇದರ ಜೊತೆಗೆ ಇನ್ನೊಂದು ತೊಡಕಿದೆ. ಅಮೆರಿಕದ ಜೆರೆಮಿ ವುಲ್ಫ್ ಮತ್ತು ಸಂಗಡಿಗರು 2005ರಲ್ಲಿ ಜನರಿಗೆ ಚಿತ್ರಗಳ ರಾಶಿಯಲ್ಲಿ ಉಪಕರಣ ಅಡಗಿದೆಯೇ ಎಂದು ಹುಡುಕಲು ಕೊಟ್ಟರು. ಅರ್ಧದಷ್ಟು ಚಿತ್ರಗಳಲ್ಲಿ ಗುರಿ ಇದ್ದಾಗ ಕಣ್ತಪ್ಪಿದ್ದು ಶೇ. 7ರಷ್ಟು, ನೂರಕ್ಕೆ ಒಂದರಲ್ಲಿ ಮಾತ್ರ ಇದ್ದಾಗ ಶೇ. 30ರಷ್ಟು. ಬ್ಯಾಂಕಿನ ಬಾಗಿಲಲ್ಲಿ ದರೋಡೆಕೋರ ಬರುವುದು ನೂರಕ್ಕೆ ಒಂದಲ್ಲ, ಲಕ್ಷಕ್ಕೂ ಒಂದಲ್ಲ. ಪಿಂಚಣಿಗೆ ಬಂದ ಅಜ್ಜ, ತೊಗರಿ ಮಾರಿದ ಹಣ ಕಟ್ಟಲು ಬಂದ ರೈತ, ಸಾಲದ ಕಂತಿನವರು, ಹೀಗೆ ಸಾವಿರಾರು ಮುಖಗಳನ್ನು ನೋಡಿದ ಕಣ್ಣು ಮುಂದಿನವನೂ ಹಾಗೆಯೇ ಎಂದು ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ.

ಪ್ರಯೋಗಾಲಯದ ಬೇಸರ ಬೇರೆ, ಪ್ರಾಣಭಯ ಬೇರೆ. ಭಯವಿದ್ದವನಿಗೆ ನಿದ್ದೆ ಎಲ್ಲಿಂದ ಬರಬೇಕು ಎಂದು ಕೇಳಬಹುದು. ಆ ಪ್ರಶ್ನೆಯಲ್ಲಿ ಅರ್ಧ ಸತ್ಯವಿದೆ. ಅಡ್ರಿನಲಿನ್ ಏರಿದಾಗ ಮನುಷ್ಯ ಚುರುಕಾಗುತ್ತಾನೆ, ಆದರೆ ಅದು ನಿಮಿಷಗಳ ಲೆಕ್ಕದ್ದು, ವಾರಗಳದ್ದಲ್ಲ. ಉದ್ವೇಗ ಒಂದು ಮಟ್ಟ ದಾಟಿದರೆ ಗಮನದ ವ್ಯಾಪ್ತಿ ಕಿರಿದಾಗಿ, ಎದುರಿನದು ಮಾತ್ರ ಕಂಡು ಬದಿಯದು ಮರೆಯಾಗುತ್ತದೆ. ನೆದರ್ಲೆಂಡ್ಸ್‌ನ ಪೊಲೀಸರ ಮೇಲೆ ನಡೆದ ಪ್ರಯೋಗವೊಂದರಲ್ಲಿ, ಎದುರಾಳಿ ತಿರುಗಿ ಗುಂಡು ಹಾರಿಸಬಹುದು ಎಂಬ ಆತಂಕವಿದ್ದಾಗ ಅವರು ಶರಣಾಗುತ್ತಿದ್ದವರ ಮೇಲೂ ಹೆಚ್ಚು ಬಾರಿ ಗುಂಡು ಹಾರಿಸಿದರು. ಶಾಖೆಯ ಮುಂದಿನ ಇಕ್ಕಟ್ಟಾದ ಜಾಗದಲ್ಲಿ, ಚದುರುವ ಛರ್ರೆಗಳ ಡಬಲ್ ಬ್ಯಾರಲ್ ಬಂದೂಕಿನಿಂದ ಇಂಥ ತಪ್ಪಾದರೆ ಸಾಲಿನಲ್ಲಿ ನಿಂತವರಿಗೆ ಏನಾದೀತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ನಿದ್ದೆಯ ಲೆಕ್ಕ ಇನ್ನೂ ಕಟುವಾದುದು. ಡಾಸನ್ ಮತ್ತು ರೀಡ್ 1997ರಲ್ಲಿ ತೋರಿಸಿದಂತೆ, 17 ಗಂಟೆ ಸತತವಾಗಿ ಎಚ್ಚರವಿದ್ದವರ ಕೈ–ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇ. 0.05 ಮದ್ಯವಿರುವವರಷ್ಟಕ್ಕೆ ಇಳಿಯುತ್ತದೆ. ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ ಚಾಲಕನಿಗಿರುವ ಮಿತಿ ಶೇ. 0.03. ಬೆಳಿಗ್ಗೆ ಐದಕ್ಕೆದ್ದು ಹಳ್ಳಿಯಿಂದ ಬಸ್ ಹಿಡಿದು ಬಂದವನು, ಪಾಳಿ ಲಂಬಿಸಿ ರಾತ್ರಿ ಹತ್ತರವರೆಗೆ ನಿಂತರೆ 17 ಗಂಟೆ ತುಂಬುತ್ತದೆ. ಅಂಥ ಸ್ಥಿತಿಯಲ್ಲಿ ವಾಹನದ ಸ್ಟಿಯರಿಂಗ್ ಕೊಡಲು ಹಿಂಜರಿಯುವ ನಾವು ತುಂಬಿದ ಬಂದೂಕನ್ನು ಯಾವ ಅಳುಕೂ ಇಲ್ಲದೆ ಕೊಡುತ್ತಿದ್ದೇವೆ.

ಬಂದೂಕಿನವನು ಬಾಗಿಲಲ್ಲಿ ಕಂಡರೆ ಸಾಕು, ಕಳ್ಳ ಹಿಂಜರಿಯುತ್ತಾನೆ, ಗಮನ ಎಷ್ಟಿದ್ದರೇನು ಎಂಬುದು ಇನ್ನೊಂದು ವಾದ. ಹವ್ಯಾಸಿ ಕಳ್ಳನ ಮಟ್ಟಿಗೆ ಅದು ನಿಜ. ಯೋಜನೆ ಹಾಕಿ ಬರುವವನು ಮೊದಲು ಲೆಕ್ಕ ಹಾಕುವುದೇ ಕಾವಲುಗಾರ ಯಾವಾಗ ಕೂರುತ್ತಾನೆ, ಯಾವಾಗ ತೂಕಡಿಸುತ್ತಾನೆ ಎಂಬುದನ್ನು. ಇನ್ನು ಎಚ್ಚರಿಕೆಯೇ ಅವಧಿಯಿಲ್ಲದೆ ಮುಂದುವರಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಭಯೋತ್ಪಾದನೆ ಎಚ್ಚರಿಕೆಯ ಬಣ್ಣದ ಪಟ್ಟಿ ಸಾಕ್ಷಿ. 2002ರಲ್ಲಿ ಶುರುವಾದ ಆ ವ್ಯವಸ್ಥೆಯ ಮಟ್ಟ ಹಳದಿಗಿಂತ ಕೆಳಗೆ ಒಮ್ಮೆಯೂ ಇಳಿಯಲಿಲ್ಲ. ಜನ ನೋಡುವುದನ್ನೇ ಬಿಟ್ಟರು. 2011ರಲ್ಲಿ ಅದನ್ನು ಕೈಬಿಟ್ಟು, ನಿರ್ದಿಷ್ಟ ಅಪಾಯ, ಕೊನೆಯ ದಿನಾಂಕ ಎರಡನ್ನೂ ಹೇಳುವ ಸೂಚನೆಗಳನ್ನು ತರಲಾಯಿತು. ‘ಎಲ್ಲೆಡೆ ಎಚ್ಚರ’ ಎನ್ನುವುದಕ್ಕಿಂತ ‘ಹೆಲ್ಮೆಟ್ ತೆಗೆಯದೆ ಬೈಕಿನಲ್ಲಿ ಕಾಯುವ ಇಬ್ಬರು, ವ್ಯಾನ್ ನಿಲ್ಲುವ ಹೊತ್ತು, ಇನ್ನು ಹತ್ತು ದಿನ’ ಎನ್ನುವ ಸೂಚನೆ ಕಣ್ಣಿಗೆ ಹಿಡಿಯಲು ಏನಾದರೂ ಕೊಡುತ್ತದೆ.

ಖರ್ಚಿನ ಪ್ರಶ್ನೆ ಮಾತ್ರ ನಿಜಕ್ಕೂ ಗಟ್ಟಿಯಾದುದು. ಹಣ ಸಾಗಿಸುವ ವ್ಯಾನಿಗೆ ಇಬ್ಬರು ಸಶಸ್ತ್ರ ಕಾವಲುಗಾರರಿರಬೇಕು ಎಂದು 2018ರ ಕೇಂದ್ರ ನಿಯಮಗಳೇ ಹೇಳುತ್ತವೆ. ಆದರೆ ತಾಲ್ಲೂಕಿನ ಸಣ್ಣ ಶಾಖೆಗೆ ಒಬ್ಬ ಗನ್‌ಮ್ಯಾನ್‌ನ ಸಂಬಳವೇ ಹೊರೆ; ಎರಡನೆಯವನನ್ನು ಎಲ್ಲಿಂದ ತರುವುದು? ಪೂರ್ತಿ ಬಿಡುವು ಕೊಡಲಾಗದಿದ್ದರೂ, ಕೆಲಸವನ್ನು ಬದಲಿಸಲು ಎರಡನೇ ಸಂಬಳ ಬೇಕಿಲ್ಲ. ಬಾಗಿಲಲ್ಲಿ ನೋಡುವವನು ಅರ್ಧ ಗಂಟೆಗೊಮ್ಮೆ ಕ್ಯಾಮೆರಾ ಪರದೆಗೆ ಹೋಗಿ, ನಿರಾಯುಧ ಸಿಬ್ಬಂದಿ ಅಷ್ಟು ಹೊತ್ತು ಬಾಗಿಲು ನೋಡಿಕೊಳ್ಳಬಹುದು. ಬಂದೂಕು ಮಾತ್ರ ಪರವಾನಗಿ ಇರುವವನ ಬಳಿಯೇ ಉಳಿಯಬೇಕು. ಮ್ಯಾಕ್‌ವರ್ತ್‌ನ ಪ್ರಯೋಗದಲ್ಲಿ ನಡುವೆ ಬಂದ ಒಂದು ದೂರವಾಣಿ ಕರೆಯೇ ಗಮನವನ್ನು ಮತ್ತೆ ಮೇಲೆತ್ತಿತ್ತು, ಹಾಗಾಗಿ ಕಾವಲುಗಾರನನ್ನು ಒದಗಿಸುವ ಏಜೆನ್ಸಿ ಪಾಳಿಯ ನಡುವೆ ಹೊತ್ತು ಗೊತ್ತಿಲ್ಲದ ಎರಡು ಕರೆ ಮಾಡಬಹುದು, ಅದಕ್ಕೆ ಖರ್ಚೇನೂ ಇಲ್ಲ. ವಿಮಾನ ನಿಲ್ದಾಣಗಳ ಎಕ್ಸ್‌ರೇ ಯಂತ್ರಗಳು ಆಗಾಗ ನಕಲಿ ಆಯುಧದ ಚಿತ್ರ ತೂರಿಸಿ ನೋಡುವವರನ್ನು ಪರೀಕ್ಷಿಸುತ್ತವೆ. ಅದನ್ನೇ ಇಲ್ಲಿ ಅನುಕರಿಸಿ ನಕಲಿ ದರೋಡೆಕೋರನನ್ನು ಕಳಿಸುವುದು ಹುಚ್ಚುತನ, ಎದುರಿಗಿರುವುದು ನಿಜವಾದ ಬಂದೂಕು. ಅದರ ಬದಲು ವಾರಸುದಾರರಿಲ್ಲದ ಚೀಲವೊಂದನ್ನು ಎಟಿಎಂ ಬಳಿ ಇಟ್ಟು ಕಾವಲುಗಾರ ಗಮನಿಸುತ್ತಾನೋ ಇಲ್ಲವೋ ನೋಡಬಹುದು. ಖಾಸಗಿ ಕಾವಲುಗಾರನಿಗೆ ಮಾದರಿ ನಿಯಮಗಳು ಹೇಳುವ 100 ಗಂಟೆಯ ತರಗತಿ, 60 ಗಂಟೆಯ ಮೈದಾನದ ತರಬೇತಿಯಲ್ಲಿ ಇಂಥ ಅಭ್ಯಾಸಕ್ಕೂ ಒಂದು ದಿನ ಸಿಗಬಾರದೇಕೆ?