ಡಿಲೀಟ್ ಆದ ಮೇಲೂ ಉಳಿದ 40 ಬಾಕ್ಸ್

ತಿಕೋಟಾದಲ್ಲಿ ನಮ್ಮ ಕಾಕಾರ ದ್ರಾಕ್ಷಿ ಒಣಗಿಸೋ ಶೆಡ್ ಇದೆ. ಯಾವ ರೈತರದು ಎಷ್ಟು ಬಾಕ್ಸ್ ಒಣದ್ರಾಕ್ಷಿ ಅಂತ ಅವರು ವಹಿಯಲ್ಲಿ ಬರೆದಿಡ್ತಿದ್ದರು. ಹೋದ ರಜೆಯಲ್ಲಿ ಜಲನಗರದ ಮನೆಯಲ್ಲಿ ಕೂತು, ಜ್ಯಾಂಗೋದಲ್ಲಿ ಅವರಿಗೊಂದು ಸಣ್ಣ ವೆಬ್ ಆ್ಯಪ್ ಮಾಡಿಕೊಟ್ಟೆ. ಎರಡೇ ಟೇಬಲ್. 'ರೈತ' ಟೇಬಲ್‌ನಲ್ಲಿ ಹೆಸರು ಮತ್ತು ಒಟ್ಟು ಬಾಕ್ಸ್. 'ಚೀಟಿ' ಟೇಬಲ್‌ನಲ್ಲಿ ಯಾವ ರೈತ, ಎಷ್ಟು ಬಾಕ್ಸ್, ಕಾಗದದ ಚೀಟಿಯ ಫೋಟೋ. ಚೀಟಿ ಸೇರಿಸಿದರೆ ಒಟ್ಟು ಏರಬೇಕು, ತೆಗೆದರೆ ಇಳಿಯಬೇಕು.

ವಾರದೊಳಗೆ ಫೋನ್ ಬಂತು. "ತಮ್ಮಾ, 40 ಬಾಕ್ಸಿಂದು ಎರಡು ಸಲ ಬರದಿದ್ದೆ, ಒಂದು ತಗದೇನಿ. ಒಟ್ಟು ಲೆಕ್ಕ ಮಾತ್ರ ಹಂಗ ಐತಿ. ನಾಳೆ ರೈತ ಬಂದು ಕೇಳಿದ್ರ ಏನ್ ಹೇಳ್ಲಿ?"

ನಮ್ಮ ಬಾಕ್ಸ್ 15 ಕೆಜಿದು. ಅಂದ್ರೆ ಶೆಡ್‌ನಲ್ಲಿ ಇಲ್ಲದ 600 ಕೆಜಿ ಮಾಲು ಕಾಕಾರ ತಲೆ ಮೇಲೆ!

ಕೋಡ್ ತೆಗೆದು ನೋಡಿದೆ. ಮೊದಲು ಚೀಟಿ ಡಿಲೀಟ್ ಮಾಡಿ, ಆಮೇಲೆ ಅದೇ ಐಡಿ ಕೊಟ್ಟು "ಇದರಲ್ಲಿ ಎಷ್ಟು ಬಾಕ್ಸ್ ಇತ್ತು?" ಅಂತ ಡೇಟಾಬೇಸನ್ನೇ ಕೇಳಿದ್ದೆ. ಸಾಲು ಹೋದ ಮೇಲೆ ಉತ್ತರ ಎಲ್ಲಿಂದ ಬರುತ್ತೆ? ಬಂದ ಎರರನ್ನೂ ಟ್ರೈ-ಎಕ್ಸೆಪ್ಟ್ ಹಾಕಿ ನಾನೇ ಮುಚ್ಚಿಟ್ಟಿದ್ದೆ. (ಯಾರೂ ಹೀಗೆ ಮಾಡಬೇಡಿ.)

ಇಲ್ಲಿ ಒಂದು ವಿಷಯ ತಿಳಿಯಿತು. ಡೇಟಾಬೇಸ್‌ನ ಸಾಲು ಬೇರೆ, ಮೆಮೊರಿಯಲ್ಲಿರೋ ಪೈಥಾನ್ ಆಬ್ಜೆಕ್ಟ್ ಬೇರೆ. ಡಿಲೀಟ್ ಮುಗಿದ ಮೇಲೆ ಜ್ಯಾಂಗೋ ಆ ಆಬ್ಜೆಕ್ಟಿನ ಪ್ರೈಮರಿ ಕೀಯನ್ನ 'ನನ್' ಮಾಡುತ್ತೆ, ಉಳಿದ ಫೀಲ್ಡುಗಳು ಅದರಲ್ಲಿ ಹಾಗೇ ಇರುತ್ತವೆ. ಹಾಗಂತ ಅದನ್ನ ನಂಬಿ ಕೂರೋದಕ್ಕಿಂತ ಮೊದಲೇ ಓದಿಕೊಳ್ಳೋದು ಒಳ್ಳೇದು.

ಮಾಡೆಲ್‌ನ ಡಿಲೀಟ್ ಮೆಥಡನ್ನ ಓವರ್‌ರೈಡ್ ಮಾಡಿ, ಬಾಕ್ಸ್ ಕಳೆದು, ಆಮೇಲೆ ಸೂಪರ್ ಕರೆದೆ. ಸರಿಯಾಯ್ತು ಅಂದುಕೊಂಡೆ. ಕಾಕಾ ಅಡ್ಮಿನ್ ಪುಟದಲ್ಲಿ ಮೂರು ಚೀಟಿಗೆ ಟಿಕ್ ಹಾಕಿ ಒಟ್ಟಿಗೇ ತೆಗೆದರು, ಮತ್ತೆ ಲೆಕ್ಕ ತಪ್ಪು. ಆ ದಾರಿಯಲ್ಲಿ ಕ್ವೆರಿಸೆಟ್‌ನ ಡಿಲೀಟ್ ನಡೆಯುತ್ತೆ, ನಾನು ಬರೆದ ಮೆಥಡ್ ಕಡೆ ಅದು ಬರೋದೇ ಇಲ್ಲ. ಆದರೆ ಪ್ರೀ-ಡಿಲೀಟ್ ಸಿಗ್ನಲ್ ಎರಡೂ ದಾರಿಯಲ್ಲಿ, ಪ್ರತಿ ಚೀಟಿಗೂ ಬರುತ್ತೆ. ಕೈಗೆ ಸಿಗೋ ಇನ್‌ಸ್ಟನ್ಸ್‌ನಲ್ಲಿ ರೈತ, ಬಾಕ್ಸ್, ಫೋಟೋ ಎಲ್ಲ ಇರುತ್ತೆ. ಕಳೆಯೋ ಕೆಲಸ ಅಲ್ಲಿಗೆ ಸಾಗಿಸಿದೆ. ಸಿಗ್ನಲ್ಲೂ ಡಿಲೀಟೂ ಒಂದೇ ಟ್ರಾನ್ಸಾಕ್ಷನ್ ಒಳಗಿರೋದರಿಂದ, ಡಿಲೀಟ್ ಕೆಟ್ಟರೆ ಕಳೆದದ್ದೂ ವಾಪಸ್ ಬರುತ್ತೆ.

ಒಟ್ಟನ್ನ ಇಟ್ಟುಕೊಳ್ಳದೆ ಪ್ರತಿ ಸಲ ಕೂಡಿಸಿದರೆ ಈ ತಲೆನೋವೇ ಇಲ್ಲವಲ್ಲ ಅಂದರು ಒಬ್ಬ ಸೀನಿಯರ್. ಅವರು ಹೇಳಿದ್ದು ಸರಿಯೇ. ಆದರೆ ಫೋಟೋ? ಜ್ಯಾಂಗೋ 1.3ರಿಂದ, ಅಂದ್ರೆ 2011ರಿಂದ, ರೆಕಾರ್ಡ್ ಹೋದರೂ ಫೈಲ್ ಡಿಸ್ಕಿನಲ್ಲೇ ಉಳಿಯುತ್ತೆ. ಅದನ್ನ ಅಳಿಸಬೇಕಂದ್ರೆ ಹೆಸರು ಮೊದಲೇ ಗೊತ್ತಿರಬೇಕು. ಮತ್ತೆ, ಫೈಲಿಗೆ ರೋಲ್‌ಬ್ಯಾಕ್ ಇಲ್ಲ. ಹಾಗಾಗಿ ಸಿಗ್ನಲ್‌ನಲ್ಲಿ ಹೆಸರು ಹಿಡಿದಿಟ್ಟುಕೊಂಡು, ಟ್ರಾನ್ಸಾಕ್ಷನ್ ಮುಗಿದ ಮೇಲೆ ಆನ್-ಕಮಿಟ್‌ನಲ್ಲಿ ಅಳಿಸ್ತೀನಿ.

ರೈಲ್ಸ್ ಬಳಸೋರಿಗೆ ಇದೇ ಕೆಲಸಕ್ಕೆ ಬಿಫೋರ್-ಡಿಸ್ಟ್ರಾಯ್ ಇದೆ. ಡಿಸ್ಟ್ರಾಯ್ ಬದಲು ಡಿಲೀಟ್ ಕರೆದರೆ ಅದು ಓಡೋದಿಲ್ಲ, ಹುಷಾರು. ಡೇಟಾಬೇಸಲ್ಲೇ ಮಾಡೋದಾದರೆ ಮೈಎಸ್‌ಕ್ಯೂಎಲ್ ಟ್ರಿಗರ್‌ನಲ್ಲಿ 'ಓಲ್ಡ್' ಅಂತ ಹಳೇ ಸಾಲು ಸಿಗುತ್ತೆ. ಪೋಸ್ಟ್‌ಗ್ರೆಸ್‌ನಲ್ಲಿ ಡಿಲೀಟ್ ವಾಕ್ಯಕ್ಕೆ 'ರಿಟರ್ನಿಂಗ್' ಸೇರಿಸಿದರೆ ಹೋದ ಸಾಲೇ ಉತ್ತರವಾಗಿ ಬರುತ್ತೆ.

ಹಳೇ ತಪ್ಪು ಒಟ್ಟುಗಳನ್ನ ಚೀಟಿ ಕೂಡಿಸಿ ಸರಿ ಮಾಡಿ, ಕಾಕಾರ ವಹಿ ಜೊತೆ ತಾಳೆ ನೋಡಿದೆ. ಹೊಂದಿತು. ವಹಿ ಬರೆಯೋದನ್ನ ಮಾತ್ರ ಅವರು ಇನ್ನೂ ಬಿಟ್ಟಿಲ್ಲ.