ಹಾಸು-ಹೊಕ್ಕು ಮತ್ತು ನಿರ್ದೇಶಾಂಕ: ಗುಳೇದಗುಡ್ಡ ಪರಿಸರದ ಎಣಿಕೆಯ ಜ್ಞಾನ ಹಾಗೂ ಶಾಲಾ ರೇಖಾಗಣಿತ

ಜನಪದ ಕಸುಬುಗಳನ್ನು ಕುರಿತ ನಮ್ಮ ಅಧ್ಯಯನಗಳು ಬಹುಮಟ್ಟಿಗೆ ಉಪಕರಣ, ಆಚರಣೆ, ಹಾಡುಗಳ ಸಂಗ್ರಹಕ್ಕೆ ಒತ್ತು ನೀಡಿವೆ. ಕಸುಬಿನೊಳಗೆ ಅಡಗಿರುವ ಲೆಕ್ಕದ ಕ್ರಮವೂ ಜಾನಪದವೇ ಆಗಿದೆ. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡ ಖಣಕ್ಕೂ ಇಳಕಲ್ಲು ಸೀರೆಗೂ ಹೆಸರಾಗಿವೆ. ಈ ಸೀಮೆಯ ನೇಕಾರರ ಮನೆಯ ಮಗು ಮಗ್ಗದ ಬಳಿ ಕಂಡುದನ್ನು ತರಗತಿಯ ಕಪ್ಪುಹಲಗೆಯ ಮೇಲೆ ಗುರುತಿಸಲಾರದೆ ಹೋದರೆ ನಷ್ಟ ಎರಡು ಬಗೆಯದು: ಗಣಿತ ಪರಕೀಯವಾಗುತ್ತದೆ, ಹಿರಿಯರ ಕಸುಬು ಬರಿಯ ಕೈಕೆಲಸವೆನಿಸಿಕೊಳ್ಳುತ್ತದೆ. ಈ ಹಿನ್ನೆಲೆಯಲ್ಲಿ ಪ್ರೌಢಶಾಲೆಯ ನಿರ್ದೇಶಾಂಕ ರೇಖಾಗಣಿತವನ್ನು ನೇಯ್ಗೆ ಮತ್ತು ಕಸೂತಿಗಳ ಎಣಿಕೆಯೊಡನೆ ಇಟ್ಟು ನೋಡುವ ಪ್ರಯತ್ನವನ್ನು ಇಲ್ಲಿ ಮಾಡಲಾಗಿದೆ.

ಬಟ್ಟೆಯಲ್ಲಿ ಉದ್ದಕ್ಕೆ ಸಾಗುವ ಎಳೆ ಹಾಸು. ಅದನ್ನು ಅಡ್ಡಹಾಯುವ ಎಳೆ ಹೊಕ್ಕು. ಖಣದ ಮೇಲಿನ ತೇರು, ಆನೆಹೆಜ್ಜೆ ಮೊದಲಾದ ಚಿತ್ತಾರಗಳು ಮೂಡುವುದು ಯಾವ ಹೊಕ್ಕಿಗೆ ಯಾವ ಹಾಸಿನೆಳೆಗಳು ಮೇಲೇಳಬೇಕೆಂಬ ನಿಯಮದಿಂದ. ಅಂದರೆ ಚಿತ್ತಾರದ ಪ್ರತಿಯೊಂದು ಚುಕ್ಕೆಗೂ ಎರಡು ಸಂಖ್ಯೆಗಳ ವಿಳಾಸವಿದೆ. ಎಳೆ ಎಣಿಸಿ ಹಾಕುವ ಕಸೂತಿಯಲ್ಲಿ ಇದು ಇನ್ನೂ ಸ್ಪಷ್ಟ. ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳದೆ, ಗಾವಂತಿ, ಮುರಗಿ, ನೇಯ್ಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಿಂದಲೇ ಗೋಪುರ, ತೊಟ್ಟಿಲು, ತುಳಸಿಕಟ್ಟೆಗಳನ್ನು ಹೆಣ್ಣುಮಕ್ಕಳು ಬಿಡಿಸುತ್ತಾರೆ. ಗಾವಂತಿ ನೇರಗೆರೆ, ಮುರಗಿ ಮೆಟ್ಟಿಲು.

ಒಂದು ಗೋಪುರವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಬಟ್ಟೆಯ ಎಡಗಡೆಯ ಕೆಳಮೂಲೆಯನ್ನು ಮೂಲಬಿಂದುವೆಂದು ಭಾವಿಸೋಣ. ಬಲಕ್ಕೆ ಎಣಿಸಿದ ಹಾಸಿನೆಳೆ ಮೊದಲ ಸಂಖ್ಯೆ, ಮೇಲಕ್ಕೆ ಎಣಿಸಿದ ಹೊಕ್ಕಿನೆಳೆ ಎರಡನೆಯ ಸಂಖ್ಯೆ. ಗೋಪುರದ ತಳದ ತುದಿಗಳು (2, 1) ಮತ್ತು (12, 1) ಆಗಿರಲಿ. ಕಳಸ ಎಲ್ಲಿ ನಿಲ್ಲಬೇಕು? ಮೊದಲ ಸಂಖ್ಯೆಗಳನ್ನು ಕೂಡಿ ಎರಡರಿಂದ ಭಾಗಿಸಿದರೆ 7, ಎರಡನೆಯವುಗಳಿಂದ 1. ತಳದ ಮಧ್ಯಬಿಂದು (7, 1). ಕಳಸವು ಅದೇ 7ನೆಯ ಎಳೆಯ ನೇರಕ್ಕೆ ಇರಬೇಕು. ಕಸೂತಿ ಹಾಕುವವಳು ಎರಡೂ ಬದಿಯಿಂದ ಸಮನಾಗಿ ಎಣಿಸುತ್ತ ಬಂದು ಇದನ್ನೇ ಸಾಧಿಸುತ್ತಾಳೆ.

ಕಳಸ (7, 13) ಎಂದಿಟ್ಟುಕೊಂಡರೆ ಎಡಬದಿಯ ಓರೆಯ ಉದ್ದವೆಷ್ಟು? ಅಡ್ಡ ವ್ಯತ್ಯಾಸ 7 − 2 = 5, ನೆಟ್ಟ ವ್ಯತ್ಯಾಸ 13 − 1 = 12. ಇವುಗಳ ವರ್ಗಗಳ ಮೊತ್ತ 25 + 144 = 169; ಅದರ ವರ್ಗಮೂಲ 13. ಬಲಬದಿಯ ವ್ಯತ್ಯಾಸಗಳೂ 5 ಮತ್ತು 12 ಆದುದರಿಂದ ಅದರ ಉದ್ದವೂ 13. ಗೋಪುರ ಸಮದ್ವಿಬಾಹು ತ್ರಿಭುಜವಾಯಿತು. ಎಡ ಓರೆಯ ಇಳಿಜಾರು 12/5, ಬಲದ್ದು −12/5. ಮುರಗಿಯಲ್ಲಿ ಪ್ರತಿ ಮೆಟ್ಟಿಲಿಗೆ ಅಡ್ಡಕ್ಕೆ 2, ಮೇಲಕ್ಕೆ 3 ಎಳೆ ಎಣಿಸಿದರೆ (1, 2), (3, 5), (5, 8) ಎಂಬ ಮೂಲೆಗಳು ದೊರೆಯುತ್ತವೆ. ಯಾವ ಎರಡನ್ನು ತೆಗೆದುಕೊಂಡರೂ ಇಳಿಜಾರು 3/2. ಆದ್ದರಿಂದ ಅವು ಒಂದೇ ಸರಳರೇಖೆಯ ಮೇಲಿವೆ.

ಈ ಸಾಮ್ಯವನ್ನು ಕಂಡು, ನೇಕಾರರಿಗೆ ನಿರ್ದೇಶಾಂಕ ರೇಖಾಗಣಿತ ಮೊದಲೇ ತಿಳಿದಿತ್ತೆಂದು ಸಾರುವುದು ಸರಿಯಾಗದು. ಫ್ರೆಂಚ್ ಚಿಂತಕ ರೆನೆ ಡೆಕಾರ್ಟ್ 1637ರಲ್ಲಿ ಪ್ರಕಟಿಸಿದ ಕೃತಿ ರೇಖಾಗಣಿತವನ್ನೂ ಬೀಜಗಣಿತವನ್ನೂ ಬೆಸೆಯಿತು. ಆ ಬೆಸುಗೆ ಕಸುಬಿನ ಎಣಿಕೆಯಲ್ಲಿಲ್ಲ. ಕಸೂತಿಯ ಎಣಿಕೆ ಹಿಂದಿನ ಹೊಲಿಗೆಯಿಂದ ಮುಂದಿನದಕ್ಕೆ ಸಾಗುತ್ತದೆ; ಶಾಲಾ ಗಣಿತದಲ್ಲಿ ಎಲ್ಲ ಬಿಂದುಗಳೂ ಒಂದೇ ಮೂಲಬಿಂದುವಿಗೆ ಬದ್ಧ. ಓರೆಗೆರೆಯ ಉದ್ದಕ್ಕೂ ಎಣಿಸಲು ಬಟ್ಟೆಯಲ್ಲಿ ಎಳೆಯೇ ಇಲ್ಲ. ಎಣಿಸಲಾಗದ ಆ ಉದ್ದವನ್ನು ದೂರಸೂತ್ರ ಲೆಕ್ಕದಿಂದ ಒದಗಿಸುತ್ತದೆ.

ಇನ್ನೊಂದು ಭೇದ ಬೋಧನೆಗೆ ಬಹು ಮುಖ್ಯವಾದುದು. ಶಾಲೆಯ ಗ್ರಾಫ್ ಹಾಳೆಯಲ್ಲಿ ಎರಡೂ ಅಕ್ಷಗಳ ಮಾನ ಸಾಮಾನ್ಯವಾಗಿ ಒಂದೇ. ಬಟ್ಟೆಯಲ್ಲಿ ಹಾಸು-ಹೊಕ್ಕುಗಳ ಒತ್ತು ಒಂದೇ ಆಗಿರಬೇಕೆಂದಿಲ್ಲ. ಇಂಚಿಗೆ ಹಾಸು 60, ಹೊಕ್ಕು 40 ಇರುವ ಬಟ್ಟೆಯೊಂದನ್ನು ಕಲ್ಪಿಸಿಕೊಂಡರೆ, ಎರಡೂ ಕಡೆ 60 ಎಳೆ ಎಣಿಸಿದ 'ಚೌಕ'ವು 1 ಇಂಚು ಅಗಲ, 1.5 ಇಂಚು ಎತ್ತರದ ಆಯತವಾಗುತ್ತದೆ. ಅಂತಹ ಬಟ್ಟೆಯ ಮೇಲೆ ನಮ್ಮ ಗೋಪುರದ ಮಧ್ಯಬಿಂದು ಕದಲುವುದಿಲ್ಲ, ಮುರಗಿಯ ಮೂಲೆಗಳು ರೇಖೆ ತಪ್ಪುವುದಿಲ್ಲ. ಆದರೆ 13 ಎಂಬ ಉದ್ದ ನಿಜವಾದ ಅಳತೆಯಾಗಿ ಉಳಿಯುವುದಿಲ್ಲ, ಓರೆಯ ಕೋನವೂ ಬದಲಾಗುತ್ತದೆ. ದೂರಸೂತ್ರವು ಎರಡೂ ಅಕ್ಷಗಳಿಗೆ ಸಮಾನ ಮಾನವನ್ನು ಬೇಡುತ್ತದೆಂಬ ಸಂಗತಿ ಸೂತ್ರದ ಬಾಯಿಪಾಠದಿಂದ ಹೊಳೆಯುವುದು ಕಷ್ಟ. ಖಣದ ತುಂಡೊಂದರ ಮೇಲೆ ಅಳತೆಪಟ್ಟಿಯಿಟ್ಟು ಎಳೆ ಎಣಿಸಿದರೆ ಹೊಳೆಯುತ್ತದೆ.

ಒಟ್ಟಿನಲ್ಲಿ, ಜನಪದ ಎಣಿಕೆ ಶಾಲಾ ಗಣಿತದ ಪೂರ್ವರೂಪವೂ ಅಲ್ಲ, ಬರಿಯ ಅಲಂಕಾರವೂ ಅಲ್ಲ. ಅದು ಎರಡು ಸಂಖ್ಯೆಗಳಿಂದ ಸ್ಥಾನ ನಿರ್ಣಯಿಸುವ ಸ್ವತಂತ್ರವಾದೊಂದು ಕ್ರಮ. ಚಿತ್ತಾರಗಳ ಹೆಸರಿನೊಡನೆ ಅವುಗಳ ಎಳೆಯೆಣಿಕೆಯನ್ನೂ ದಾಖಲಿಸುವುದು ಜಾನಪದ ಸಂಶೋಧಕರ ಹೊಣೆ. ಹೆಸರು ಮಾತ್ರ ಉಳಿದು ಎಣಿಕೆ ಅಳಿದರೆ ಚಿತ್ತಾರವನ್ನು ಮತ್ತೆ ನೇಯುವುದು ಸುಲಭವಲ್ಲ. ಎಣಿಕೆ ದಾಖಲಾದರೆ ಅದು ಮಗ್ಗಕ್ಕೂ ಒದಗುತ್ತದೆ, ಶಾಲೆಗೂ ಒದಗುತ್ತದೆ.