ನಿಂತರೆ ಕೆಡುವ ವಿಮಾನಗಳು

ಶಿವಮೊಗ್ಗ ಬಳಿಯ ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ತರೀಕೆರೆ, ಕಡೂರು, ಅಜ್ಜಂಪುರದ ಕಡೆಯ ಮಕ್ಕಳಿಗೂ ವಿಮಾನ ಹತ್ತಿರದ ಸಂಗತಿಯಾಗಿದೆ. ಪೈಲಟ್ ಆಗಬೇಕು ಅನ್ನುವ ಹುಡುಗ ಹುಡುಗಿಯರಿಗೆ ಮೊದಲು ಸಿಗುವ ಲೆಕ್ಕ ಒಂದೇ: ವಾಣಿಜ್ಯ ಪೈಲಟ್ ಪರವಾನಗಿಗೆ 200 ಗಂಟೆಯ ಹಾರಾಟ ಬೇಕು. ಆ ಗಂಟೆಗಳನ್ನು ಹಾರಿಸಿಕೊಡುವುದು ಎರಡು ಅಥವಾ ನಾಲ್ಕು ಸೀಟಿನ, ಮುಂದೆ ಒಂದೇ ಪ್ರೊಪೆಲ್ಲರ್ ಇರುವ ಪುಟ್ಟ ವಿಮಾನ. ಅದನ್ನು ದಿನದಿನವೂ ಹಾರುವ ಸ್ಥಿತಿಯಲ್ಲಿ ಇಡುವವರು ಹ್ಯಾಂಗರಿನೊಳಗೆ ಇರುತ್ತಾರೆ. ಅವರ ಹೆಸರು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ.

ಕರ್ನಾಟಕದಲ್ಲಿ ಈ ಕೆಲಸಕ್ಕೆ ಹಳೆಯ ನೆಲೆ ಎಂದರೆ ಬೆಂಗಳೂರಿನ ಜಕ್ಕೂರು. ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಅಲ್ಲಿ ಆರಂಭವಾದದ್ದು 1940ರ ದಶಕದ ಕೊನೆಯಲ್ಲಿ. ಆಗ ಊರ ಹೊರಗಿದ್ದ ಆ ಇನ್ನೂರು ಎಕರೆಗೂ ಮಿಕ್ಕ ಬಯಲು ಈಗ ನಗರದ ಮಧ್ಯೆ ಸಿಕ್ಕಿಕೊಂಡಿದೆ. ಪಕ್ಕದ ಬಳ್ಳಾರಿ ರಸ್ತೆಯಲ್ಲಿ ಎತ್ತರದ ಹೆದ್ದಾರಿ ಎದ್ದಾಗ ರನ್‌ವೇ ಬಳಕೆಗೇ ತೊಡಕಾಯಿತು. ಬೋಧಕರ ಕೊರತೆಯಿಂದಲೂ ತರಬೇತಿ ನಿಂತು, ಮತ್ತೆ ಶುರುವಾಗಿ, ಹೀಗೆ ಏಳುಬೀಳು ಕಂಡ ಶಾಲೆ ಅದು. ಸೆಸ್ನಾ 152, ಸೆಸ್ನಾ 172ರಂಥ ಹಗುರ ವಿಮಾನಗಳೇ ಅದರ ಆಸ್ತಿ.

ಸೆಸ್ನಾ 152ರ ವಿಷಯದಲ್ಲಿ ಒಂದು ಸಂಗತಿ ಗಮನಿಸಬೇಕು. ಅದರ ತಯಾರಿಕೆ 1985ರಲ್ಲೇ ನಿಂತಿತು. ಅಂದರೆ ಜಗತ್ತಿನಲ್ಲಿ ಇವತ್ತು ಹಾರುತ್ತಿರುವ ಪ್ರತಿಯೊಂದು 152ಕ್ಕೂ ನಲವತ್ತು ವರ್ಷ ಆಗಿದೆ ಅಥವಾ ಆಗುತ್ತಿದೆ. ಅದರಲ್ಲಿ ಕಲಿಯುವ ಮಕ್ಕಳಿಗಿಂತ, ಕೆಲವು ಕಡೆ ಕಲಿಸುವ ಬೋಧಕರಿಗಿಂತ, ವಿಮಾನಕ್ಕೇ ವಯಸ್ಸು ಜಾಸ್ತಿ. ಆದರೂ ಅದು ಸುರಕ್ಷಿತವಾಗಿ ಹಾರುತ್ತದೆ. ಕಾರಣ, ಅದರ ವಯಸ್ಸನ್ನು ಅಳೆಯುವುದು ವರ್ಷಗಳಿಂದ ಮಾತ್ರ ಅಲ್ಲ. ಲಾಗ್ ಪುಸ್ತಕದಲ್ಲಿ ಬರೆದ ಗಂಟೆಗಳಿಂದ, ಬದಲಾಯಿಸಿದ ಭಾಗಗಳಿಂದ, ಪ್ರತಿ ಕೆಲಸದ ಕೆಳಗೆ ಬಿದ್ದ ಸಹಿಯಿಂದ.

ನಮ್ಮ ತೋಟದ ಪಂಪ್‌ಸೆಟ್ಟಿನ ಮೋಟಾರು ಸುಟ್ಟ ಮೇಲೆ ಬಿಚ್ಚಿ ರಿವೈಂಡಿಂಗಿಗೆ ಒಯ್ಯುತ್ತೇವೆ. ವಿಮಾನದಲ್ಲಿ ಆ ಕ್ರಮ ನಡೆಯದು. ಕೆಡುವ ಮೊದಲೇ ಬಿಚ್ಚಬೇಕು. 50 ಗಂಟೆಗೊಂದು ತಪಾಸಣೆ, 100 ಗಂಟೆಗೆ ಇನ್ನೂ ಆಳವಾದದ್ದು. ಸಾವಿರಾರು ಗಂಟೆ ಓಡಿದ ಮೇಲೆ, ಕೆಡುಕೇನೂ ಕಾಣದಿದ್ದರೂ, ಎಂಜಿನ್ನನ್ನು ಪೂರ್ತಿ ಬಿಚ್ಚಿ ಕಟ್ಟುವ ಓವರ್‌ಹಾಲ್.

100 ಗಂಟೆಯ ತಪಾಸಣೆಯಲ್ಲಿ ನೋಡಲೇಬೇಕಾದದ್ದು ಸಿಲಿಂಡರ್ ಪರೀಕ್ಷೆ. ನಾಲ್ಕು ಸಿಲಿಂಡರಿಗೆ ಎಂಟು ಸ್ಪಾರ್ಕ್ ಪ್ಲಗ್ಗು. ಒಂದು ಸಾಲು ಕೈಕೊಟ್ಟರೂ ಇನ್ನೊಂದು ಸಾಲು ಎಂಜಿನ್ ಓಡಿಸಲಿ ಎಂದು ಈ ಜೋಡಿ. ಒಂದು ಪ್ಲಗ್ ತೆಗೆದು ಆ ತೂತಿನಿಂದ 80 ಪೌಂಡ್ ಒತ್ತಡದ ಗಾಳಿ ಬಿಡುತ್ತಾರೆ. ಒಬ್ಬರು ಪ್ರೊಪೆಲ್ಲರನ್ನು ಭದ್ರವಾಗಿ ಹಿಡಿದಿರುತ್ತಾರೆ. ಕೈ ಸಡಿಲವಾದರೆ ಅದು ತಿರುಗಿ ಏಟು ಹಾಕುತ್ತದೆ. ಪಕ್ಕದ ಗೇಜಿನಲ್ಲಿ ಒತ್ತಡ ಎಷ್ಟು ಉಳಿಯಿತು ಎಂದು ನೋಡಿ, ಆಮೇಲೆ ಕಿವಿ ಕೊಡುತ್ತಾರೆ. ಸುಯ್ ಎನ್ನುವ ಸದ್ದು ಹೊಗೆ ಕೊಳವೆಯಲ್ಲಿ ಬಂದರೆ ಎಕ್ಸಾಸ್ಟ್ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಗಾಳಿ ಒಳಹೋಗುವ ಕಡೆ ಬಂದರೆ ಇನ್ನೊಂದು ವಾಲ್ವ್. ಆಯಿಲ್ ಹಾಕುವ ಬಾಯಲ್ಲಿ ಜೋರಾಗಿ ಕೇಳಿದರೆ ಪಿಸ್ಟನ್ ರಿಂಗು ಸವೆದಿದೆ. ಬಳಸಿದ ಆಯಿಲ್ ಫಿಲ್ಟರನ್ನೂ ಎಸೆಯುವುದಿಲ್ಲ. ಅದನ್ನು ಕತ್ತರಿಸಿ, ಒಳಗಿನ ಮಡಿಕೆ ಕಾಗದವನ್ನು ಬೆಳಕಿನಲ್ಲಿ ಹರಡಿ, ಲೋಹದ ಚೂರು ಮಿನುಗುತ್ತಿದೆಯೇ ಎಂದು ಹುಡುಕುತ್ತಾರೆ. ಸಿಕ್ಕ ಚೂರಿಗೆ ಅಯಸ್ಕಾಂತ ಹಿಡಿಯುತ್ತಾರೆ. ಅಂಟಿಕೊಂಡರೆ ಉಕ್ಕು, ಎಂಜಿನ್ನಿನ ಒಳಗೆ ಏನೋ ಸವೆಯುತ್ತಿದೆ.

ಬೋಲ್ಟು ಬಿಗಿ ಮಾಡಿದರೆ ಸಾಲದು, ತೆಳು ತಂತಿಯನ್ನು ಹುರಿಹಾಕಿ ಕಟ್ಟಬೇಕು. ಬೋಲ್ಟು ಸಡಿಲವಾಗಲು ತಿರುಗಿದರೆ ಆ ತಂತಿ ಅದನ್ನು ಬಿಗಿಯ ಕಡೆಗೇ ಎಳೆಯುವಂತೆ ಹುರಿಯ ದಿಕ್ಕು ಇರಬೇಕು. ಪ್ರೊಪೆಲ್ಲರಿನ ಅಂಚಿಗೆ ರನ್‌ವೇಯ ಹರಳು ಬಡಿದು ಉಗುರಿನಷ್ಟು ಗಾಯವಾದರೂ ಅರದಿಂದ ನಯವಾಗಿ ಉಜ್ಜುತ್ತಾರೆ, ಬಿರುಕು ಹುಟ್ಟುವುದು ಅಂಥ ಕಚ್ಚಿನಲ್ಲೇ. ಈ ಕೌಶಲ ಪುಸ್ತಕದಿಂದ ಅರ್ಧ ಬರುತ್ತದೆ, ಹಿರಿಯರ ಪಕ್ಕ ನಿಂತು ಅರ್ಧ.

ಬೆಂಗಳೂರಿನಲ್ಲಿ ಈ ಹಿರಿಯರ ಸಾಲು ದೊಡ್ಡದು. 1940ರಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ (ಇಂದಿನ ಎಚ್‌ಎಎಲ್) ಕಟ್ಟಿದರು. ಆ ಕಾಲದ ತರಬೇತಿ ವಿಮಾನ ಟೈಗರ್ ಮಾತ್‌ನ ರೆಕ್ಕೆ ಮರ ಮತ್ತು ಬಟ್ಟೆಯದು. ಅದರ ರಿಪೇರಿ ಎಂದರೆ ಬಡಗಿ ಕೆಲಸ, ಹೊಲಿಗೆ ಕೆಲಸ. 1951ರ ಆಗಸ್ಟ್‌ನಲ್ಲಿ ಅದೇ ಕಂಪನಿಯ ವಿ.ಎಂ. ಘಾಟಗೆಯವರ ತಂಡದ ಎಚ್‌ಟಿ-2 ಹಾರಿತು. ಭಾರತದಲ್ಲೇ ವಿನ್ಯಾಸಗೊಂಡ, ಪೂರ್ತಿ ಲೋಹದ, ಎರಡು ಸೀಟಿನ ತರಬೇತಿ ವಿಮಾನ ಅದು. ಆಮೇಲೆ ಫ್ಲೈಯಿಂಗ್ ಕ್ಲಬ್ಬುಗಳಿಗೆಂದೇ 1958ರಲ್ಲಿ ಪುಷ್ಪಕ್ ಬಂತು, ಮತ್ತೆ ಬಟ್ಟೆ ಹೊದಿಕೆಯೊಂದಿಗೆ. 1993ರಲ್ಲಿ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ (ಎನ್‌ಎಎಲ್) ಹಂಸ ಹಾರಿದಾಗ ಮೈ ಗಾಜಿನ ನಾರು ಮತ್ತು ರಾಳದ್ದಾಯಿತು. ಅದರ ಹೊಸ ರೂಪ ಹಂಸ-ಎನ್‌ಜಿ ಹಾರಿದ್ದು 2021ರ ಸೆಪ್ಟೆಂಬರಿನಲ್ಲಿ. ಲೋಹದ ರೆಕ್ಕೆಯಲ್ಲಿ ರಿವೆಟ್ ಕೊರೆದು ತೇಪೆ ಹಾಕಬಹುದು. ಹಂಸದಲ್ಲಿ ಗಾಯವನ್ನು ಇಳಿಜಾರಾಗಿ ಉಜ್ಜಿ, ಪದರದ ಮೇಲೆ ಪದರ ಕೂರಿಸಿ, ಹದವಾದ ಬಿಸಿಯಲ್ಲಿ ಗಟ್ಟಿ ಮಾಡಬೇಕು. ಒಂದೇ ಊರಿನಲ್ಲಿ ಇಷ್ಟು ಬಗೆಯ ಕೈಕೆಲಸ ಬೆಳೆದ ಉದಾಹರಣೆ ದೇಶದಲ್ಲಿ ಬೇರೆ ಇಲ್ಲವೆಂದೇ ನನ್ನ ಎಣಿಕೆ. ಎಚ್‌ಟಿ-2 ನೋಡುವ ಆಸೆ ಇದ್ದವರು ಹಳೆ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ಸಂಗ್ರಹಾಲಯಕ್ಕೆ ಹೋಗಬಹುದು.

ಐದಾರು ವಿಮಾನಗಳ ಶಾಲೆ ನಡೆಸುವ ಜಾಣ್ಮೆ ಲೆಕ್ಕದ ಪುಸ್ತಕದಲ್ಲಿದೆ. ಎಲ್ಲ ವಿಮಾನವನ್ನೂ ಸಮಸಮ ಹಾರಿಸಿದರೆ ಎಲ್ಲವೂ ಒಂದೇ ವಾರದಲ್ಲಿ ತಪಾಸಣೆಗೆ ಬಂದು ನಿಲ್ಲುತ್ತವೆ, ತರಬೇತಿ ಕುಂಟುತ್ತದೆ. ಆದ್ದರಿಂದ ಒಂದನ್ನು ಹೆಚ್ಚು, ಇನ್ನೊಂದನ್ನು ಕಡಿಮೆ ಹಾರಿಸಿ ಸರದಿ ಮಾಡುತ್ತಾರೆ. ಬಿಡಿಭಾಗ ಹೊರದೇಶದಿಂದ ಬರುವುದು ತಡವಾದಾಗ ನಿಂತ ವಿಮಾನದ ಭಾಗವನ್ನು ಹಾರುವ ವಿಮಾನಕ್ಕೆ ಹಾಕುವ ಆಸೆ ಹುಟ್ಟುತ್ತದೆ. ದಾಖಲೆ ಸಮೇತ ಮಾಡಿದರೆ ಅದು ತಪ್ಪಲ್ಲ. ಅಭ್ಯಾಸವಾದರೆ ಒಂದು ವಿಮಾನ ಮೂಲೆಯಲ್ಲೇ ಅಸ್ಥಿಪಂಜರವಾಗುತ್ತದೆ.

ಇಲ್ಲೇ ನನಗೆ ನಿಜವಾಗಿ ಕಳವಳ. ಹಾರದೆ ನಿಂತ ವಿಮಾನ ಹಾರುವ ವಿಮಾನಕ್ಕಿಂತ ಬೇಗ ಕೆಡುತ್ತದೆ. ಸೆಸ್ನಾಗಳಿಗೆ ಬಳಸುವ ಲೈಕಮಿಂಗ್ ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟ್ ಮೇಲ್ಗಡೆ ಇದೆ. ವಾರಗಟ್ಟಲೆ ಓಡಿಸದಿದ್ದರೆ ಆಯಿಲ್ ಕೆಳಗೆ ಇಳಿದು, ಬರಿಮೈಯಾದ ಉಕ್ಕಿಗೆ ತೇವ ತಾಗಿ ತುಕ್ಕು ಹಿಡಿಯುತ್ತದೆ. ಮತ್ತೆ ಚಾಲೂ ಮಾಡಿದ ದಿನ ಆ ತುಕ್ಕೇ ಅರದಂತೆ ಒಳಗನ್ನು ಉಜ್ಜುತ್ತದೆ. ಹಾರಲಿ ಬಿಡಲಿ, ಹನ್ನೆರಡು ವರ್ಷಕ್ಕೊಮ್ಮೆ ಓವರ್‌ಹಾಲ್ ಆಗಬೇಕೆಂದು ಕಂಪನಿಯೇ ಹೇಳುತ್ತದೆ. ಅರೆ ತುಂಬಿದ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ನೀರು ಕಟ್ಟುತ್ತದೆ, ರಬ್ಬರ್ ಕೊಳವೆ ಒಣಗಿ ಸೀಳುತ್ತದೆ. ವೇಗ ಅಳೆಯುವ ಪಿಟೊ ಕೊಳವೆಯ ಮುಚ್ಚಳ ಮರೆತರೆ ಕಣಜ ಒಳಗೆ ಮಣ್ಣಿನ ಗೂಡು ಕಟ್ಟುತ್ತದೆ. ಆಮೇಲೆ ಪೈಲಟ್‌ಗೆ ಕಾಣುವ ವೇಗವೇ ಸುಳ್ಳು.

ಹೀಗಾಗಿ ಜಕ್ಕೂರಿನಂಥ ಶಾಲೆ ಯಾವುದೇ ಕಾರಣಕ್ಕೆ ಹಾರಾಟ ನಿಲ್ಲಿಸಿದರೂ ಹ್ಯಾಂಗರಿನ ಬಾಗಿಲು ಮುಚ್ಚಬಾರದು. ಸರ್ಕಾರ ಬೋಧಕರ ಹುದ್ದೆಯಷ್ಟೇ ತುರ್ತಾಗಿ ನಿರ್ವಹಣಾ ಎಂಜಿನಿಯರುಗಳ ಹುದ್ದೆಯನ್ನೂ ತುಂಬಬೇಕು, ಬಿಡಿಭಾಗಕ್ಕೆ ವರ್ಷವರ್ಷವೂ ಹಣ ಇಡಬೇಕು. ಪೈಲಟ್ ತರಬೇತಿಯ ಖರ್ಚು ನೋಡಿ ಹಿಂದೆ ಸರಿದ ನಮ್ಮ ಕಡೆಯ ಮಕ್ಕಳಿಗೆ ಹೇಳುವುದೂ ಇದೇ. ಪಿಯುಸಿಯಲ್ಲಿ ವಿಜ್ಞಾನ ಓದಿ, ವಿಮಾನದ ಮೇಲೆ ಪ್ರೀತಿ ಇದ್ದು, ಕೈಯಲ್ಲಿ ಸ್ಪ್ಯಾನರ್ ಹಿಡಿಯುವ ಉಮೇದು ಇದ್ದರೆ ವಿಮಾನ ನಿರ್ವಹಣಾ ಎಂಜಿನಿಯರ್ ಪರವಾನಗಿಯ ದಾರಿ ಇದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಮಾನ್ಯತೆ ಇರುವ ಸಂಸ್ಥೆಯೇ ಹೌದೋ ಅಲ್ಲವೋ ಎಂದು ಖಾತರಿ ಮಾಡಿಕೊಂಡು ಸೇರಿ.